ನಕ್ಷೆ ಒಂದು, ಹಳಿ ಮತ್ತೊಂದು

ಹದಿನಾರು ಬಾಗು ಹಳಿಗಳು, ಎಂಟು ನೇರ ಹಳಿಗಳು. ನಕ್ಷೆಯಲ್ಲಿದ್ದ ಎಣಿಕೆಯೂ ಇಷ್ಟೇ, ಪೆಟ್ಟಿಗೆಯಲ್ಲಿದ್ದ ಎಣಿಕೆಯೂ ಇಷ್ಟೇ. ಇನ್ನೇನು ಬೇಕು? ನಮ್ಮ ಕಾಲೇಜಿನ ವಿಜ್ಞಾನ ಸಂಘದ ವಿದ್ಯಾರ್ಥಿಗಳು ಆ ಸಂಜೆ ಪಟ್ಟ ಸಂತೋಷ ಅಷ್ಟಿಷ್ಟಲ್ಲ. ವಾರ್ಷಿಕ ಪ್ರದರ್ಶನಕ್ಕೆ ಇನ್ನೂ ಒಂದು ತಿಂಗಳ ಅವಧಿಯಿತ್ತು. ಭೌತಶಾಸ್ತ್ರ ವಿಭಾಗದ ಪರವಾಗಿ ಒಂದು ಮಾದರಿ ರೈಲುಮಾರ್ಗವನ್ನು ನಿರ್ಮಿಸಿ, ವಿದ್ಯುತ್ತಿನಿಂದ ಗಾಡಿಯನ್ನು ಓಡಿಸಿ ತೋರಿಸಬೇಕೆಂಬುದು ಅವರ ಬಯಕೆ. ನಕ್ಷೆ ದೊರೆತದ್ದು ಗ್ರಂಥಾಲಯದಲ್ಲಿದ್ದ ಹಳೆಯ ಅಮೆರಿಕನ್ ಪುಸ್ತಕವೊಂದರಲ್ಲಿ. ಹಳಿಯ ಪೆಟ್ಟಿಗೆಯನ್ನು ವಿದ್ಯಾರ್ಥಿಯೊಬ್ಬನಿಗೆ ಅವನ ಸೋದರಮಾವ ಇಂಗ್ಲೆಂಡಿನಿಂದ ತಂದುಕೊಟ್ಟಿದ್ದರು. ಎರಡರಲ್ಲಿಯೂ ಹಳಿಯ ಅಗಲ ಒಂದೇ: 16.5 ಮಿ.ಮೀ.

ನಕ್ಷೆಯ ಪ್ರಕಾರ ಆರು ಬಾಗು ಹಳಿಗಳನ್ನು ಸಾಲಾಗಿ ಜೋಡಿಸಿದರೆ ಅರ್ಧವೃತ್ತವಾಗಿ ಮಾರ್ಗವು ಹಿಂದಕ್ಕೆ ತಿರುಗಬೇಕು. ಹುಡುಗರು ಆರನ್ನು ಜೋಡಿಸಿದರು. ಮಾರ್ಗ ಹಿಂದಕ್ಕೆ ತಿರುಗಲಿಲ್ಲ. ಕೊಠಡಿಯ ಮೂಲೆಯ ಕಡೆಗೆ ಮುಖಮಾಡಿ ನಿಂತಿತು. "ಸಾರ್, ನಕ್ಷೆಯೇ ತಪ್ಪಿರಬೇಕು" ಎಂದನೊಬ್ಬ. "ಇಲ್ಲ ಸಾರ್, ಹಳಿಯನ್ನೇ ಸರಿಯಾಗಿ ಮಾಡಿಲ್ಲ" ಎಂದನು ಮತ್ತೊಬ್ಬ. ನಕ್ಷೆಯೂ ಸರಿಯಾಗಿತ್ತು, ಹಳಿಯೂ ಸರಿಯಾಗಿತ್ತು. ಹಾಗಾದರೆ ತಪ್ಪಿದ್ದುದೆಲ್ಲಿ? ಮುಂದಿನ ನಾಲ್ಕು ವಾರಗಳಲ್ಲಿ ನಾವೂ ನಮ್ಮ ವಿದ್ಯಾರ್ಥಿಗಳೂ ಕಲಿತುಕೊಂಡ ವಿಷಯವನ್ನು ಇಲ್ಲಿ ಓದುಗರ ಮುಂದಿಡುತ್ತೇವೆ. ಇದಕ್ಕೆ ಪ್ರೌಢಶಾಲೆಯ ತ್ರಿಕೋನಮಿತಿಗಿಂತ ಹೆಚ್ಚಿನ ಗಣಿತವೇನೂ ಬೇಕಿಲ್ಲ.

ಪ್ರಮಾಣವೂ ಅಗಲವೂ

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ನಿಜವಾದ ಗಾಡಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬುದು ಪ್ರಮಾಣ. ಎರಡು ಕಂಬಿಗಳ ಒಳ ಅಂಚುಗಳ ನಡುವಿನ ದೂರವು ಹಳಿಯ ಅಗಲ, ಅಂದರೆ ಗೇಜು. ಯೂರೋಪು ಮತ್ತು ಅಮೆರಿಕಗಳಲ್ಲಿ ರೂಢಿಯಲ್ಲಿರುವ ಸ್ಟ್ಯಾಂಡರ್ಡ್ ಗೇಜಿನ ಅಗಲ 1435 ಮಿ.ಮೀ. ಇದನ್ನು 87ರಿಂದ ಭಾಗಿಸಿದರೆ ಸುಮಾರು 16.5 ಮಿ.ಮೀ. ಬರುತ್ತದೆ. ಇದೇ ಎಚ್‌ಓ ಎಂಬ ಪ್ರಮಾಣ. ಬ್ರಿಟನ್ನಿನಲ್ಲಿ ಪ್ರಚಲಿತವಾಗಿರುವುದು ಓಓ ಎಂಬ ಪ್ರಮಾಣ. ಅದರಲ್ಲಿ ಗಾಡಿಗಳನ್ನು ನಿಜದ ಸುಮಾರು 76ನೆಯ ಒಂದು ಭಾಗದಷ್ಟು ಮಾಡುತ್ತಾರೆ. ಆದರೆ ಅವು ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ! ಬ್ರಿಟನ್ನಿನ ನಿಜವಾದ ಎಂಜಿನ್ನುಗಳು ಇತರ ದೇಶಗಳವುಗಳಿಗಿಂತ ಕಿರಿದಾದವು. ಅಂದಿನ ಮೋಟರುಗಳು ಅವುಗಳ ಚಿಕ್ಕ ಮಾದರಿಗಳೊಳಗೆ ಹಿಡಿಸುತ್ತಿರಲಿಲ್ಲ. ಆದುದರಿಂದ ಹಳಿಯನ್ನು ಹಾಗೆಯೇ ಉಳಿಸಿಕೊಂಡು ಗಾಡಿಯ ಮೈಯನ್ನು ಮಾತ್ರ ದೊಡ್ಡದು ಮಾಡಿಕೊಂಡರು.

ಅಗಲ ಒಂದೇ ಆದುದರಿಂದ ಅಮೆರಿಕನ್ ಗಾಡಿ ಬ್ರಿಟಿಷ್ ಹಳಿಯ ಮೇಲೆ ಯಾವ ಅಡ್ಡಿಯೂ ಇಲ್ಲದೆ ಓಡುತ್ತದೆ. ಇದರಿಂದಲೇ ನಮ್ಮ ಹುಡುಗರು ನಕ್ಷೆಯೂ ಹೊಂದಿಕೊಳ್ಳುವುದೆಂದು ಭಾವಿಸಿದ್ದು. ಆದರೆ ಗಾಡಿಗೆ ಬೇಕಾದದ್ದು ಅಗಲ ಮಾತ್ರ. ನಕ್ಷೆಗೆ ಬೇಕಾದದ್ದು ಬಿಡಿಹಳಿಗಳ ಉದ್ದ, ತ್ರಿಜ್ಯ ಮತ್ತು ಕೋನ.

ಬಿಡಿಹಳಿಗಳ ಪದ್ಧತಿ ಹೊಸದಲ್ಲ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್ಸಿಗ್ ನಗರದ ಮೇಳದಲ್ಲಿ ನಿಗದಿಯಾದ ಗೇಜುಗಳುಳ್ಳ ಆಟದ ರೈಲುಗಳನ್ನು ಪ್ರದರ್ಶಿಸಿತು. ಅಂದಿನಿಂದ ಇಂದಿನವರೆಗೆ ಒಂದೊಂದು ದೇಶದಲ್ಲಿಯೂ ಒಂದೊಂದು ಅಳತೆಯ ಪರಂಪರೆ ಬೆಳೆದುಬಂದಿದೆ. ನಮ್ಮ ನಕ್ಷೆ ಆಧರಿಸಿದ್ದ ಅಮೆರಿಕನ್ ಬಾಗು ಹಳಿಯ ತ್ರಿಜ್ಯ 18 ಅಂಗುಲ, ಎಂದರೆ 457.2 ಮಿ.ಮೀ. ಅದು ತಿರುಗುವ ಕೋನ 30 ಡಿಗ್ರಿ. ಹನ್ನೆರಡು ತುಂಡುಗಳಿಗೆ ಒಂದು ಪೂರ್ಣವೃತ್ತ. ಅಲ್ಲಿನ ನೇರ ಹಳಿ 9 ಅಂಗುಲ. ನಮ್ಮ ಪೆಟ್ಟಿಗೆಯ ಬ್ರಿಟಿಷ್ ಬಾಗು ಹಳಿಯ ತ್ರಿಜ್ಯ 438 ಮಿ.ಮೀ., ಕೋನ 22.5 ಡಿಗ್ರಿ. ಹದಿನಾರು ತುಂಡುಗಳಿಗೆ ಒಂದು ಪೂರ್ಣವೃತ್ತ. ನೇರ ಹಳಿ 168 ಮಿ.ಮೀ. ಆರು ಅಮೆರಿಕನ್ ತುಂಡುಗಳು 180 ಡಿಗ್ರಿ ತಿರುಗಿದರೆ ಆರು ಬ್ರಿಟಿಷ್ ತುಂಡುಗಳು 135 ಡಿಗ್ರಿ ಮಾತ್ರ ತಿರುಗುತ್ತವೆ. ಮಾರ್ಗವು ಮೂಲೆಯನ್ನು ನೋಡುತ್ತ ನಿಂತುದು ಇದರಿಂದಲೇ.

ಹಿಗ್ಗದ ವಸ್ತು

"ಹಾಗಾದರೆ ನಕ್ಷೆಯನ್ನೇ ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿ ಬರೆದರಾಗದೆ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. 457.2ಕ್ಕೂ 438ಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಸುಮಾರು ನಾಲ್ಕು. ಆದರೆ ನಕ್ಷೆಯನ್ನು ಕುಗ್ಗಿಸಿದಾಗ ಉದ್ದಗಳೆಲ್ಲ ಕುಗ್ಗುತ್ತವೆ, ಕೋನಗಳು ಕುಗ್ಗುವುದಿಲ್ಲ. ಅಂಗೈಯಷ್ಟು ತ್ರಿಕೋನವನ್ನು ಕಪ್ಪುಹಲಗೆಯಷ್ಟು ದೊಡ್ಡದಾಗಿ ಬರೆದರೂ ಅದರ ಕೋನಗಳ ಮೊತ್ತ 180 ಡಿಗ್ರಿಯೇ ಅಲ್ಲವೆ? 30 ಡಿಗ್ರಿಯ ನಕ್ಷೆಯನ್ನು ಎಷ್ಟು ಕುಗ್ಗಿಸಿದರೂ ಅದು 30 ಡಿಗ್ರಿಯ ನಕ್ಷೆಯಾಗಿಯೇ ಉಳಿಯುತ್ತದೆ. ನಮ್ಮ ಹಳಿಯೋ 22.5 ಡಿಗ್ರಿಯದು. ಆದುದರಿಂದ ನಕ್ಷೆಯನ್ನು ನಕಲು ಮಾಡುವುದರಿಂದ ಪ್ರಯೋಜನವಿಲ್ಲ. ಅದನ್ನು ಅರ್ಥಮಾಡಿಕೊಂಡು ಮತ್ತೆ ಬರೆಯಬೇಕು.

ಎರಡು ನಿಯಮಗಳು

ಯಾವ ನಕ್ಷೆಯೇ ಇರಲಿ, ಹೊರಟ ಗಾಡಿ ಹೊರಟ ಸ್ಥಳಕ್ಕೆ ಹಿಂದಿರುಗಬೇಕಾದರೆ ಎರಡು ನಿಯಮಗಳು ಸಲ್ಲಬೇಕು.

ಮೊದಲನೆಯದು ದಿಕ್ಕಿನ ನಿಯಮ. ಎಡಕ್ಕೆ ತಿರುಗುವ ಕೋನವನ್ನು ಧನವೆಂದೂ ಬಲಕ್ಕೆ ತಿರುಗುವ ಕೋನವನ್ನು ಋಣವೆಂದೂ ಎಣಿಸಿದರೆ, ತನ್ನನ್ನು ತಾನು ದಾಟದ ಮಾರ್ಗದಲ್ಲಿ ಒಂದು ಸುತ್ತಿನ ಒಟ್ಟು ಮೊತ್ತ 360 ಡಿಗ್ರಿಯಾಗಬೇಕು.

ಎರಡನೆಯದು ಸ್ಥಾನದ ನಿಯಮ. ಪ್ರತಿಯೊಂದು ತುಂಡೂ ಗಾಡಿಯನ್ನು ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಪಕ್ಕಕ್ಕೆ ಒಯ್ಯುತ್ತದೆ. ಈ ಚಲನೆಗಳೆಲ್ಲವನ್ನೂ ಕೂಡಿದರೆ ಪೂರ್ವ-ಪಶ್ಚಿಮದಲ್ಲಿಯೂ ಉತ್ತರ-ದಕ್ಷಿಣದಲ್ಲಿಯೂ ಮೊತ್ತ ಸೊನ್ನೆಯಾಗಬೇಕು. ಸಮತೋಲದಲ್ಲಿರುವ ಬಲಗಳ ಬಹುಭುಜವು ಮುಚ್ಚಿಕೊಳ್ಳಬೇಕೆಂದು ಭೌತಶಾಸ್ತ್ರದ ತರಗತಿಯಲ್ಲಿ ಕಲಿಯುತ್ತೇವೆ. ಇಲ್ಲಿ ಬಲಗಳ ಬದಲು ಹಳಿಗಳಿವೆ, ಅಷ್ಟೇ. ಗಣಕಯಂತ್ರದಲ್ಲಿ ಇಂತಹ ನಕ್ಷೆಗಳನ್ನು ಬರೆದುಕೊಡುವ ತಂತ್ರಾಂಶಗಳು ಇಂದು ದೊರೆಯುತ್ತವೆ. ಅವುಗಳೂ ತೆರೆಯ ಹಿಂದೆ ಇದೇ ಎರಡು ಮೊತ್ತಗಳನ್ನು ಪರೀಕ್ಷಿಸಬೇಕಾಗುತ್ತದೆ.

ಈಗ ನಮ್ಮ ನಕ್ಷೆಯನ್ನು ನೋಡೋಣ. ಅದು ಅಂಡಾಕಾರದ ಒಂದು ಸರಳ ಮಾರ್ಗ. ಎರಡು ತುದಿಗಳಲ್ಲಿ ಎರಡು ಅರ್ಧವೃತ್ತಗಳು. ಒಂದೊಂದಕ್ಕೆ ಆರು ಬಾಗು ಹಳಿಗಳು. ಹಿಂಬದಿಯಲ್ಲಿ ಆರು ನೇರ ಹಳಿಗಳು. ಮುಂಬದಿಯಲ್ಲಿ ಮಾತ್ರ ಮಾರ್ಗ ನೇರವಾಗಿಲ್ಲ. ನಿಲ್ದಾಣಕ್ಕೆ ಸ್ಥಳ ಬಿಡುವುದಕ್ಕಾಗಿ ಅದು ಒಂದು ಬಾಗು ಹಳಿಯಿಂದ ಒಳಕ್ಕೆ ತಿರುಗಿ, ಇನ್ನೊಂದರಿಂದ ನೆಟ್ಟಗಾಗಿ, ಎರಡು ನೇರ ಹಳಿಗಳಷ್ಟು ನಿಲ್ದಾಣದ ಪಕ್ಕದಲ್ಲಿ ಹಾದು, ಮತ್ತೆ ಎರಡು ಬಾಗು ಹಳಿಗಳಿಂದ ಮೊದಲಿನ ರೇಖೆಗೆ ಹಿಂದಿರುಗುತ್ತದೆ. ಈ ಒಳಬಾಗಿನ ನಾಲ್ಕು ತುಂಡುಗಳಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ ತಿರುಗುವುದರಿಂದ ದಿಕ್ಕಿನ ಲೆಕ್ಕದಲ್ಲಿ ಅವುಗಳ ಮೊತ್ತ ಸೊನ್ನೆ. ಉಳಿದ ಹನ್ನೆರಡು ತುಂಡುಗಳು 360 ಡಿಗ್ರಿಯನ್ನು ಪೂರೈಸುತ್ತವೆ. ನಮ್ಮ ಹಳಿಗೆ ಇದನ್ನು ಅನ್ವಯಿಸಿದರೆ ಅರ್ಧವೃತ್ತಗಳಿಗೆ ಹದಿನಾರು, ಒಳಬಾಗಿಗೆ ನಾಲ್ಕು, ಒಟ್ಟು ಇಪ್ಪತ್ತು ಬಾಗು ಹಳಿಗಳು ಬೇಕು. ನಾಲ್ಕು ಕಡಿಮೆ. ದಿಕ್ಕಿನ ನಿಯಮ ಇಷ್ಟನ್ನು ಒಂದೇ ನಿಮಿಷದಲ್ಲಿ ತಿಳಿಸಿತು.

ಪೆಟ್ಟಿಗೆಯೊಳಗಿನ ಗುಟ್ಟು

ಇನ್ನು ನೇರ ಹಳಿಗಳು. ಅಮೆರಿಕನ್ ನಕ್ಷೆಯಲ್ಲಿ ಹಿಂಬದಿಯ ಉದ್ದ 54 ಅಂಗುಲ, ಅಂದರೆ ಸುಮಾರು 1372 ಮಿ.ಮೀ. ಅದಕ್ಕೆ ಹತ್ತಿರವಾಗುವಂತೆ ನಮ್ಮ 168 ಮಿ.ಮೀ. ತುಂಡುಗಳನ್ನು ಎಂಟು ಹಾಕಿದರೆ 1344 ಆಗುತ್ತದೆ. ನಿಲ್ದಾಣದ ಬಳಿಯ 18 ಅಂಗುಲಕ್ಕೆ ಹತ್ತಿರವಾಗುವಂತೆ ಮೂರು ಹಾಕಿ, ಒಳಬಾಗಿನ ಮುನ್ನಡೆಯನ್ನೂ ಸೇರಿಸಿದರೆ ಮುಂಬದಿ 1174 ಆಗುತ್ತದೆ. ಎರಡು ಬದಿಗಳಿಗೂ 170 ಮಿ.ಮೀ. ವ್ಯತ್ಯಾಸ! ಉದ್ದಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಮಾರ್ಗ ಕೂಡಿಕೊಳ್ಳದು.

ಇಲ್ಲಿ ಒಂದು ಸ್ವಾರಸ್ಯವಾದ ವಿಷಯ ನಮ್ಮ ಗಮನಕ್ಕೆ ಬಂತು. ಅಮೆರಿಕನ್ ನೇರ ಹಳಿ 9 ಅಂಗುಲವೇ ಏಕಿರಬೇಕು? ತ್ರಿಜ್ಯ 18 ಅಂಗುಲ. 30 ಡಿಗ್ರಿಯ ಸೈನ್ ಅರ್ಧ. 18ರ ಅರ್ಧ 9! ಒಂದು ಬಾಗು ಹಳಿಯು ಗಾಡಿಯನ್ನು ಮುಂದಕ್ಕೆ ಒಯ್ಯುವ ದೂರವು ತ್ರಿಜ್ಯವನ್ನು ಕೋನದ ಸೈನ್‌ನಿಂದ ಗುಣಿಸಿದಷ್ಟು. ನೇರ ಹಳಿಯ ಉದ್ದವೂ ಅಷ್ಟೇ. ನಮ್ಮ ಬ್ರಿಟಿಷ್ ಹಳಿಯನ್ನು ಪರೀಕ್ಷಿಸಿದೆವು: 438 × ಸೈನ್ 22.5° = 438 × 0.3827 = 167.6. ನೇರ ಹಳಿ 168!

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಬಾಗು ಹಳಿಯಿಂದ ಪಕ್ಕಕ್ಕೆ ತಿರುಗಿ ಮತ್ತೊಂದರಿಂದ ನೆಟ್ಟಗಾದರೆ, ಮಾರ್ಗವು ಪಕ್ಕಕ್ಕೆ ಸರಿಯುವ ದೂರ ಎಷ್ಟು? 1ರಿಂದ ಕೋನದ ಕೋಸೈನ್ ಅನ್ನು ಕಳೆದು, ಉಳಿದುದನ್ನು ತ್ರಿಜ್ಯದ ಎರಡರಷ್ಟರಿಂದ ಗುಣಿಸಬೇಕು. ನಮ್ಮ ಹಳಿಗೆ ಇದು 876 × 0.0761, ಅಂದರೆ 66.7 ಮಿ.ಮೀ. ಬ್ರಿಟಿಷ್ ಪದ್ಧತಿಯಲ್ಲಿ ದೊರೆಯುವ ಬಾಗು ಹಳಿಗಳ ತ್ರಿಜ್ಯಗಳು ಕ್ರಮವಾಗಿ 371, 438, 505 ಮತ್ತು 572 ಮಿ.ಮೀ. ಪ್ರತಿಯೊಂದು ಜೋಡಿಯ ನಡುವೆಯೂ 67! ಮುಖ್ಯ ಮಾರ್ಗದಿಂದ ಒಂದು ಪಾಯಿಂಟಿನ ಮೂಲಕ ಕವಲೊಡೆದು ಪಕ್ಕದಲ್ಲಿ ಸಮಾಂತರವಾಗುವ ಲೂಪ್ ಮಾರ್ಗವು, ತಿರುವಿನಲ್ಲಿಯೂ ಅದೇ ಅಂತರದಲ್ಲಿ ಸಾಗಬೇಕಲ್ಲವೆ? ಅದಕ್ಕಾಗಿ ಈ ಹೊಂದಾಣಿಕೆ. 438 ಮತ್ತು 22.5 ಎಂಬ ಎರಡೇ ಸಂಖ್ಯೆಗಳಿಂದ ಪೆಟ್ಟಿಗೆಯ ಮುಖ್ಯ ಅಳತೆಗಳೆಲ್ಲ ಹುಟ್ಟಿಕೊಂಡಿವೆ.

ಬೇರೆ ದೇಶಗಳ ಹಳಿಯಲ್ಲಿಯೂ ಇದೇ ಸೂತ್ರ ಕಾಣುತ್ತದೆಯೆ ಎಂದು ನೋಡಿದೆವು. ಜಪಾನಿನ ಟೋಮಿಕ್ಸ್ ಎಂಬ 9 ಮಿ.ಮೀ. ಅಗಲದ ಹಳಿಯಲ್ಲಿ ಪಾಯಿಂಟಿನ ತ್ರಿಜ್ಯ 541, ಕೋನ 15 ಡಿಗ್ರಿ. ಸೂತ್ರದಂತೆ ನೇರ ಹಳಿ 140, ಸಮಾಂತರ ಮಾರ್ಗಗಳ ಅಂತರ 37 ಆಗಬೇಕು, ಆಗಿಯೂ ಇದೆ. ಜರ್ಮನಿಯ ಮಾರ್ಕ್ಲಿನ್ ಹಳಿಯಲ್ಲಿ ಸ್ವಲ್ಪ ಬೇರೆ ಕ್ರಮವಿದೆ. ಅಲ್ಲಿ ಬಾಗು ಹಳಿಯ ಕೋನ 30 ಡಿಗ್ರಿಯಾದರೂ ಪಾಯಿಂಟಿನ ಕೋನ 24.3 ಡಿಗ್ರಿ, ತ್ರಿಜ್ಯ 437.5. ಇವುಗಳಿಂದ ಮಾರ್ಗಗಳ ಅಂತರ 77.5 ಮಿ.ಮೀ. ದೊರೆಯುತ್ತದೆ. ಕೊರತೆಯಾಗುವ 5.7 ಡಿಗ್ರಿಗೆ ಪ್ರತ್ಯೇಕವಾದ ಚಿಕ್ಕ ತುಂಡನ್ನೇ ಮಾಡಿದ್ದಾರೆ.

ಇದರಿಂದ ಪರಿವರ್ತನೆಯ ಮಾರ್ಗ ಸ್ಪಷ್ಟವಾಯಿತು. ನಕ್ಷೆಯಲ್ಲಿ 9 ಅಂಗುಲವೆಂದು ಬರೆದಿರುವುದನ್ನು 228.6 ಮಿ.ಮೀ. ಎಂದು ಓದಬಾರದು, "ಒಂದು ಬಾಗು ಹಳಿಯ ಮುನ್ನಡೆ" ಎಂದು ಓದಬೇಕು. ಹಾಗೆ ಓದಿದರೆ ಹಿಂಬದಿಗೆ ಆರು ನೇರ ಹಳಿ, ನಿಲ್ದಾಣದ ಬಳಿ ಎರಡು. ನಕ್ಷೆಯಲ್ಲಿದ್ದಂತೆಯೇ! ಹಿಂಬದಿಯ ಉದ್ದ 1008, ಮುಂಬದಿಯ ಉದ್ದ 1006.5. ಉಳಿದ ಒಂದೂವರೆ ಮಿಲಿಮೀಟರು ಇಪ್ಪತ್ತೆಂಟು ಜೋಡಣೆಗಳಲ್ಲಿ ಹಂಚಿಹೋಗಿ ಕಣ್ಣಿಗೆ ಕಾಣದಂತಾಗುತ್ತದೆ. ಹಳಿಯು ದುಬಾರಿಯಾದುದರಿಂದ ಮೊದಲು ರಟ್ಟಿನಲ್ಲಿ ತುಂಡುಗಳನ್ನು ಕತ್ತರಿಸಿ ಜೋಡಿಸಿದೆವು. ಮಾರ್ಗ ಕೂಡಿಕೊಂಡಿತು.

ನಿಲ್ದಾಣಕ್ಕೆ ಸ್ಥಳ

ಆದರೆ ಇನ್ನೊಂದು ತೊಡಕು ಕಾದಿತ್ತು. ನಕ್ಷೆಯ ಒಳಬಾಗಿನ ಆಳ ಸುಮಾರು 122 ಮಿ.ಮೀ.; ನಮ್ಮದು 67 ಮಾತ್ರ. ನಮ್ಮ ಹಲಗೆಯ ಅಗಲ 1 ಮೀಟರ್, ಉದ್ದ 2.4 ಮೀಟರ್. ಮಾರ್ಗವನ್ನು ಮಧ್ಯದಲ್ಲಿಟ್ಟರೆ ಹಲಗೆಯ ಅಂಚಿನಲ್ಲಿ 62 ಮಿ.ಮೀ. ಉಳಿಯುತ್ತದೆ. ಒಳಬಾಗನ್ನು ಸೇರಿಸಿದರೆ ನಿಲ್ದಾಣದೆದುರು 129. ವಿದ್ಯಾರ್ಥಿನಿಯರಿಬ್ಬರು ಹದಿನೈದು ದಿನ ಶ್ರಮಿಸಿ ಮಾಡಿದ್ದ ರಟ್ಟಿನ ನಿಲ್ದಾಣ ಮತ್ತು ಪ್ಲಾಟ್‌ಫಾರ್ಮುಗಳ ಅಗಲ 160 ಮಿ.ಮೀ. ಗಾಡಿಯ ಅರ್ಧ ಅಗಲವನ್ನೂ ಕೊಂಚ ತೆರವನ್ನೂ ಕೂಡಿಸಿದರೆ 185 ಬೇಕು. ನಿಲ್ದಾಣವನ್ನು ಕತ್ತರಿಸಿರೆಂದು ಹೇಳಲು ನಮಗೆ ಮನಸ್ಸಾಗಲಿಲ್ಲ.

ಒಂದರ ಬದಲು ಎರಡೆರಡು ಬಾಗು ಹಳಿಗಳನ್ನು ಹಾಕಿ 45 ಡಿಗ್ರಿ ತಿರುಗಿಸಿದರೆ ಆಳ 257 ಮಿ.ಮೀ. ಆಗುತ್ತದೆ. ಆದರೆ ಆಗ ಮಾರ್ಗದ ಒಟ್ಟು ಉದ್ದ 2451 ಆಗಿ ಹಲಗೆಯನ್ನು ಮೀರುತ್ತದೆ. ಉಳಿದ ಉಪಾಯವೆಂದರೆ, ಎದುರುಬದುರಾದ ಎರಡು ತಿರುವುಗಳ ನಡುವೆ ಒಂದು ನೇರ ಹಳಿಯನ್ನು ಓರೆಯಾಗಿ ಸೇರಿಸುವುದು. ಅದು ಪಕ್ಕಕ್ಕೆ 168 × ಸೈನ್ 22.5°, ಅಂದರೆ 64 ಮಿ.ಮೀ. ಸರಿಸುತ್ತದೆ. ಆಳ 131, ನಿಲ್ದಾಣದೆದುರು 193. ಸಾಕಷ್ಟಾಯಿತು. ಇದರಿಂದ ಇನ್ನೊಂದು ಲಾಭವೂ ಉಂಟು. ಎಡ ತಿರುವು ಮುಗಿದೊಡನೆ ಬಲ ತಿರುವು ಬಂದರೆ ಒಂದು ಡಬ್ಬಿ ಒಂದು ಕಡೆಗೂ ಮುಂದಿನದು ಇನ್ನೊಂದು ಕಡೆಗೂ ವಾಲಿ, ಕೊಂಡಿಗಳು ಪರಸ್ಪರ ಎಳೆದಾಡುತ್ತವೆ. ನಡುವೆ ನೇರ ಭಾಗವಿದ್ದರೆ ಈ ಎಳೆದಾಟ ತಗ್ಗುತ್ತದೆ. ನಿಜವಾದ ರೈಲುಮಾರ್ಗಗಳಲ್ಲಿಯೂ ಇದೇ ಕಾರಣದಿಂದ ಎದುರು ತಿರುವುಗಳ ನಡುವೆ ನೇರ ಭಾಗವನ್ನು ಇಡಲು ಯತ್ನಿಸುತ್ತಾರೆ.

ಒಳಬಾಗಿನ ಎರಡು ಕಡೆಗಳಲ್ಲಿ ಒಂದೊಂದು, ಅದಕ್ಕೆ ಸರಿಯಾಗಿ ಹಿಂಬದಿಯಲ್ಲಿ ಎರಡು. ಹೀಗೆ ಲೆಕ್ಕಹಾಕಿ ನಾಲ್ಕು ನೇರ ಹಳಿಗಳನ್ನೂ ನಾಲ್ಕು ಬಾಗು ಹಳಿಗಳನ್ನೂ ಹೊರಗಿನಿಂದ ತರಿಸಿದೆವು. ಅವು ಕೈಸೇರುವ ಹೊತ್ತಿಗೆ ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು.

ಇಪ್ಪತ್ತೇಳು ಮಿಲಿಮೀಟರು

ಎಲ್ಲವನ್ನೂ ಜೋಡಿಸಿದಾಗ ಕೊನೆಯ ಎರಡು ತುದಿಗಳ ನಡುವೆ ಒಂದು ತೆರವು ಉಳಿಯಿತು. ಅಳೆದು ನೋಡಿದರೆ 27 ಮಿ.ಮೀ. ಹುಡುಗರು ನಮಗೆ ತಿಳಿಸದೆ ಮುಂಬದಿಯ ಒಂಬತ್ತು ಜೋಡಣೆಗಳನ್ನೂ ಕೊಂಚಕೊಂಚ ಸಡಿಲಿಸಿ, ತಲಾ 3 ಮಿ.ಮೀ. ಬಿರುಕು ಬಿಟ್ಟು, ಹೇಗೋ ತುದಿಗಳನ್ನು ಸೇರಿಸಿಬಿಟ್ಟರು. ನೋಡುವವರಿಗೆ ಮಾರ್ಗ ಪೂರ್ಣವಾಗಿ ಕಾಣುತ್ತಿತ್ತು. ಎಂಜಿನ್ನು ಮೆಲ್ಲಗೆ ದಾಟಿತು. ಅದರ ಹಿಂದಿನ ಡಬ್ಬಿಗಳು ನಿಲ್ದಾಣವನ್ನು ಸೇರುವ ತಿರುವಿನಲ್ಲಿ ಹಳಿ ತಪ್ಪಿ ಉರುಳಿದವು. ಮತ್ತೆ ಓಡಿಸಿದರು, ಮತ್ತೆ ಅಲ್ಲಿಯೇ ಉರುಳಿದವು.

ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಎರಡು ಕಂಬಿಗಳಲ್ಲಿಯೂ ಬಿರುಕು ಸಮನಾಗಿರುವುದಿಲ್ಲ. ಒಂದು ಕಂಬಿಯಲ್ಲಿ ಬಿರುಕು 1 ಮಿ.ಮೀ. ಹೆಚ್ಚಾಗಿದ್ದರೆ, ಅಗಲ 16.5 ಮಿ.ಮೀ. ಆದುದರಿಂದ, ಮಾರ್ಗದ ದಿಕ್ಕು ಆ ಜೋಡಣೆಯಲ್ಲಿ ಮೂರೂವರೆ ಡಿಗ್ರಿಯಷ್ಟು ತಿರುಗುತ್ತದೆ. ಸರಿಯಾದ ಬಾಗು ಹಳಿಯಲ್ಲಿ ಇಷ್ಟು ತಿರುಗಲು 27 ಮಿ.ಮೀ. ಉದ್ದ ಬೇಕು. ಇಲ್ಲಿಯಾದರೋ ಒಂದು ಬಿಂದುವಿನಲ್ಲಿಯೇ ತಿರುಗಬೇಕು. ಗಾಲಿಯ ಅಂಚು ಕಂಬಿಯನ್ನು ಏರಿ ಹೊರಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ 27 ಮಿ.ಮೀ. ಎಲ್ಲಿಂದ ಬಂತು? ತಪ್ಪು ಹುಡುಗರದಲ್ಲ, ನಮ್ಮದು. ಓರೆಯಾಗಿಟ್ಟ 168 ಮಿ.ಮೀ. ಹಳಿಯು ಮುಂದಕ್ಕೆ 168 ಮಿ.ಮೀ. ಒಯ್ಯುವುದಿಲ್ಲ, 168 × ಕೋಸೈನ್ 22.5°, ಅಂದರೆ 155.2 ಮಾತ್ರ ಒಯ್ಯುತ್ತದೆ. ಪ್ರತಿಯೊಂದರಲ್ಲಿಯೂ 12.8 ಕೊರತೆ, ಎರಡರಿಂದ 25.6. ಹಿಂದಿನ ಒಂದೂವರೆಯನ್ನು ಸೇರಿಸಿದರೆ 27.1. ಓರೆಯಾದ ಬಲವನ್ನು ಘಟಕಗಳಾಗಿ ಬಿಡಿಸುವ ಪಾಠವನ್ನು ವರ್ಷವರ್ಷವೂ ಹೇಳಿಕೊಡುವ ನಾವೇ, ಹಳಿಯನ್ನು ಕಂಡಾಗ ಅದನ್ನು ಮರೆತು ತುಂಡುಗಳನ್ನು ಎಣಿಸಿದ್ದೆವು. ಮೊದಲ ದಿನ ಹುಡುಗರು ಮಾಡಿದ ತಪ್ಪೂ ಇದೇ ಅಲ್ಲವೆ? ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಅವರೆದುರು ಒಪ್ಪಿಕೊಂಡೆವು.

ಪರಿಹಾರ ಸರಳವಾಗಿತ್ತು. ಹಿಂಬದಿಯ ಎಂಟು ನೇರ ಹಳಿಗಳಲ್ಲಿ ಒಂದನ್ನು 27 ಮಿ.ಮೀ. ಕಡಿಮೆ ಮಾಡಿ 141ಕ್ಕೆ ಇಳಿಸಿದರೆ ಸಾಕು. ಆದರೆ ಗರಗಸ ಹಿಡಿಯಲು ಯಾರಿಗೂ ಧೈರ್ಯವಿರಲಿಲ್ಲ. ಕೊಯ್ತ ತಪ್ಪಿದರೆ ಮತ್ತೊಂದು ತುಂಡನ್ನು ತರಿಸಲು ಸಮಯವಿಲ್ಲ. ಹಳಿಯೋ ಇನ್ನೊಬ್ಬನ ಸ್ವತ್ತು. ಕೊನೆಗೆ ಪೆಟ್ಟಿಗೆಯ ಒಡೆಯನಾದ ವಿದ್ಯಾರ್ಥಿಯೇ ಪೇಟೆಯ ಅಕ್ಕಸಾಲಿಗರೊಬ್ಬರಿಂದ ಸಣ್ಣ ಹಲ್ಲಿನ ಗರಗಸವನ್ನು ಕೇಳಿ ತಂದನು. ಹಳಿಯನ್ನು ಮರದ ತುಂಡಿಗೆ ಅದುಮಿ ಹಿಡಿದು, ಗುರುತಿನ ಮೇಲೆ ನಿಧಾನವಾಗಿ ಕೊಯ್ದು, ಕಂಬಿಯ ತುದಿಯನ್ನು ಅರದಿಂದ ನಯಗೊಳಿಸಿದನು. ಕೂಡುಪಟ್ಟಿ ಸೇರಲೆಂದು ಕೊನೆಯ ಸ್ಲೀಪರಿನ ಮೇಲ್ಭಾಗವನ್ನು ಬ್ಲೇಡಿನಿಂದ ಕೆತ್ತಿದನು. ಒಂಬತ್ತು ಬಿರುಕುಗಳನ್ನೂ ಮುಚ್ಚಿ ಆ ತುಂಡನ್ನು ಕೂಡಿಸಿದಾಗ, ತುದಿಗಳು ಒತ್ತಡವಿಲ್ಲದೆ ಒಂದನ್ನೊಂದು ಮುಟ್ಟಿದವು. ಆ ರಾತ್ರಿ ಗಾಡಿ ನೂರು ಸುತ್ತು ಹಾಕಿತು. ಒಮ್ಮೆಯೂ ಹಳಿ ತಪ್ಪಲಿಲ್ಲ.

ಬೇಕಾದಂತೆ ಬಾಗಿಸಿ ಕತ್ತರಿಸಬಹುದಾದ ಒಂದು ಗಜ ಉದ್ದದ ಹಳಿಯೂ ಮಾರಾಟಕ್ಕೆ ದೊರೆಯುತ್ತದೆ. ಇಂತಹ ಕೊರತೆಗಳನ್ನು ತುಂಬಲು ಅದು ಬಹಳ ಅನುಕೂಲ. ಆದರೆ ಅದರ ಕಂಬಿಯ ಎತ್ತರವೂ ಪೆಟ್ಟಿಗೆಯ ಹಳಿಯದೂ ಒಂದೇ ಎಂಬುದನ್ನು ನೋಡಿಕೊಳ್ಳಬೇಕು. ಕಂಬಿಯ ಎತ್ತರವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಸೂಚಿಸುತ್ತಾರೆ. ಕೋಡ್ 100 ಎಂದರೆ 2.54 ಮಿ.ಮೀ., ಕೋಡ್ 75 ಎಂದರೆ 1.9 ಮಿ.ಮೀ. ಎರಡನ್ನೂ ಹಾಗೆಯೇ ಕೂಡಿಸಿದರೆ ಜೋಡಣೆಯಲ್ಲಿ ಮೆಟ್ಟಿಲಾಗುತ್ತದೆ.

ದೊಡ್ಡ ಹಳಿಗಳಲ್ಲಿ

ಇದು ಕೇವಲ ಆಟದ ವಿಷಯವೆಂದು ಓದುಗರು ಭಾವಿಸಬಾರದು. ಭಾರತೀಯ ರೈಲ್ವೆಯು ಮೀಟರ್ ಗೇಜ್ ಮತ್ತು ನ್ಯಾರೋ ಗೇಜ್ ಮಾರ್ಗಗಳನ್ನು 1676 ಮಿ.ಮೀ. ಅಗಲದ ಬ್ರಾಡ್ ಗೇಜಿಗೆ ಪರಿವರ್ತಿಸುವ ಏಕರೂಪ ಗೇಜು ಯೋಜನೆಯನ್ನು 1992ರಲ್ಲಿ ಆರಂಭಿಸಿತು. ನಮ್ಮ ನಾಡಿನ ಹಾಸನ–ಮಂಗಳೂರು ಮಾರ್ಗವೂ ಹೀಗೆ ಪರಿವರ್ತನೆಯಾಯಿತು. ಅದರ ಘಟ್ಟದ ಭಾಗದಲ್ಲಿ ಪ್ರಯಾಣಿಕರ ಗಾಡಿಗಳು 2007ರಲ್ಲಿ ಮತ್ತೆ ಓಡತೊಡಗಿದವು. ಇಂತಹ ಕಾರ್ಯದಲ್ಲಿ ಕಂಬಿಗಳನ್ನು 676 ಮಿ.ಮೀ. ದೂರ ಸರಿಸಿದರೆ ಸಾಕೆಂದು ತೋರಬಹುದು. ಆದರೆ ತಿರುವುಗಳ ಮಿತಿಯೇ ಬೇರೆ. ಮೀಟರ್ ಗೇಜಿನಲ್ಲಿ 109 ಮೀಟರ್ ತ್ರಿಜ್ಯದವರೆಗೆ ತಿರುವನ್ನು ಬಿಗಿಗೊಳಿಸಬಹುದು. ಬ್ರಾಡ್ ಗೇಜಿನಲ್ಲಿ 175 ಮೀಟರಿಗಿಂತ ಕಡಿಮೆಯಾಗಬಾರದು. ಹಳೆಯ ಮಾರ್ಗದಲ್ಲಿ ಅದಕ್ಕಿಂತ ಬಿಗಿಯಾದ ತಿರುವಿದ್ದರೆ ಮಾರ್ಗದ ರೇಖೆಯನ್ನೇ ಹೊಸದಾಗಿ ಗುರುತಿಸಬೇಕು. ಅಲ್ಲಿ ರಟ್ಟಿನ ನಿಲ್ದಾಣದ ಬದಲು ಬೆಟ್ಟ, ಕಣಿವೆ, ಸೇತುವೆಗಳಿರುತ್ತವೆ.

ನಮ್ಮ 438 ಮಿ.ಮೀ. ತಿರುವನ್ನು 76 ಪಟ್ಟು ಹಿಗ್ಗಿಸಿದರೆ ಕೇವಲ 33 ಮೀಟರಾಗುತ್ತದೆ. ಆದುದರಿಂದ ಮಾದರಿ ಮಾರ್ಗದಲ್ಲಿ ಡಬ್ಬಿಗಳು ತಿರುವಿನ ಒಳಕ್ಕೂ ಹೊರಕ್ಕೂ ಬಹಳ ಚಾಚಿಕೊಳ್ಳುತ್ತವೆ. ಪೆರಂಬೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೆಯ ಮಾದರಿಯ ಪ್ರಯಾಣಿಕರ ಡಬ್ಬಿಯಲ್ಲಿ ಎರಡು ಬೋಗಿಗಳ ನಡುವಿನ ಅಂತರ 14.783 ಮೀಟರ್. ಅದರ ಓಓ ಮಾದರಿಯಲ್ಲಿ ಇದು 194 ಮಿ.ಮೀ. ಈ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಡಬ್ಬಿಯ ನಡುಭಾಗ ಒಳಕ್ಕೆ ಚಾಚುವ ದೂರ ದೊರೆಯುತ್ತದೆ: ಸುಮಾರು 11 ಮಿ.ಮೀ. ಪ್ಲಾಟ್‌ಫಾರ್ಮಿನ ತುದಿಯನ್ನು ತಿರುವಿನ ಬಳಿ ಅಷ್ಟು ಹಿಂದಕ್ಕೆ ಸರಿಸದಿದ್ದರೆ ಡಬ್ಬಿ ಅದನ್ನು ಸವರಿಕೊಂಡು ಹೋಗುತ್ತದೆ. ಹಳಿಯನ್ನು ಬದಲಿಸಿದಾಗ ಈ ತೆರವನ್ನೂ ಹೊಸದಾಗಿ ಲೆಕ್ಕಹಾಕಬೇಕು.

ಓದುಗರಿಗೆ ಒಂದು ಲೆಕ್ಕ

ಇದೇ ನಕ್ಷೆಯನ್ನು ಮೇಲೆ ಹೇಳಿದ ಜಪಾನಿನ 9 ಮಿ.ಮೀ. ಹಳಿಗೆ ಪರಿವರ್ತಿಸಲು ಆಸಕ್ತರು ಯತ್ನಿಸಲಿ. ಅರ್ಧವೃತ್ತಗಳಿಗೆ 280 ಮಿ.ಮೀ. ತ್ರಿಜ್ಯದ, 45 ಡಿಗ್ರಿಯ ಬಾಗು ಹಳಿಗಳನ್ನು ಬಳಸಿರಿ. ಒಳಬಾಗಿಗೆ 541 ಮಿ.ಮೀ. ತ್ರಿಜ್ಯದ, 15 ಡಿಗ್ರಿಯ ಬಾಗು ಹಳಿಗಳನ್ನು ತೆಗೆದುಕೊಳ್ಳಿರಿ. ನೇರ ಹಳಿಯ ಉದ್ದ 140. ಮೊದಲು ದಿಕ್ಕಿನ ಮೊತ್ತ, ಅನಂತರ ಸ್ಥಾನದ ಮೊತ್ತ. ಸರಿಯಾಗಿ ಮಾಡಿದರೆ ಎರಡು ಬದಿಗಳ ಉದ್ದವೂ 840 ಮಿ.ಮೀ., ಒಳಬಾಗಿನ ಆಳ 37 ಮಿ.ಮೀ. ಬರಬೇಕು. ಓರೆಯಾಗಿ ಒಂದೊಂದು ನೇರ ಹಳಿಯನ್ನು ಸೇರಿಸಿ, ಹಿಂಬದಿಯಲ್ಲಿಯೂ ಎರಡನ್ನು ಸೇರಿಸಿದರೆ ಆಳ 73 ಆಗುತ್ತದೆ. ತುದಿಗಳ ನಡುವೆ ಒಂಬತ್ತೂವರೆ ಮಿಲಿಮೀಟರು ಉಳಿಯುತ್ತದೆ.

ಅದನ್ನು ಎಳೆದು ಮುಚ್ಚಬೇಡಿರಿ. ಅಳೆದು, ಹಿಂಬದಿಯ ಒಂದು ತುಂಡನ್ನು ಅಷ್ಟು ಕೊಯ್ಯಿರಿ.